ಶನಿವಾರ ಕಪ್, ಮಂಗಳವಾರ ರೆಲಿಗೇಶನ್: ವಿಗನ್ ಅಥ್ಲೆಟಿಕ್‌ನ 2012–13ರ ಸೀಸನ್

(ಸ್ಕ್ರೀನ್ ಮೇಲೆ: ವೆಂಬ್ಲಿ ಸ್ಟೇಡಿಯಂ, 11 ಮೇ 2013)

ನಮಸ್ಕಾರ. 2013ರ ಮೇ 11, ಶನಿವಾರ. ವಿಗನ್ ಅಥ್ಲೆಟಿಕ್ ಅನ್ನೋ ಸಣ್ಣ ಕ್ಲಬ್ಬು ಮ್ಯಾಂಚೆಸ್ಟರ್ ಸಿಟಿಯನ್ನ ಸೋಲಿಸಿ ಎಫ್‌ಎ ಕಪ್ ಗೆದ್ದಿತು. ಮೂರೇ ದಿನ. ಮೇ 14ರ ಮಂಗಳವಾರ ರಾತ್ರಿ ಅದೇ ಕ್ಲಬ್ಬು ಪ್ರೀಮಿಯರ್ ಲೀಗ್‌ನಿಂದ ಹೊರಗೆ ಬಿತ್ತು. ಒಂದೇ ಸೀಸನ್‌ನಲ್ಲಿ ಎಫ್‌ಎ ಕಪ್ಪನ್ನೂ ಗೆದ್ದು, ಕೆಳಗಿನ ಡಿವಿಷನ್‌ಗೂ ಇಳಿದ ತಂಡ ಇಂಗ್ಲೆಂಡ್‌ನಲ್ಲಿ ಅಲ್ಲಿವರೆಗೆ ಒಂದೂ ಇರಲಿಲ್ಲ.

ಈ ಸೀಸನ್ ಬಗ್ಗೆ ಮಾತು ಬಂದಾಗಲೆಲ್ಲ "ಕಪ್ಪಿನ ಹಿಂದೆ ಬಿದ್ದು ಲೀಗ್ ಕಳ್ಕೊಂಡ್ರು" ಅಂತಾರೆ. ನಾನು ಒಪ್ಪಲ್ಲ. ಯಾಕೆ ಅಂತ ಹೇಳೋದಕ್ಕೇ ಈ ವಿಡಿಯೋ.

ಫುಟ್‌ಬಾಲ್ ಹೊಸದಾಗಿ ನೋಡ್ತಿರೋರಿಗೆ ಒಂದು ಮಾತು. ನಮ್ಮ ಆರ್‌ಸಿಬಿ 2017ರಲ್ಲೂ 2019ರಲ್ಲೂ ಐಪಿಎಲ್ ಪಟ್ಟಿಯ ತಳದಲ್ಲಿತ್ತು. ಆದರೂ ಮರುವರ್ಷ ಅದೇ ಐಪಿಎಲ್‌ನಲ್ಲಿ ಆಡಿತು. ಇಂಗ್ಲೆಂಡ್‌ನಲ್ಲಿ ಹಾಗಲ್ಲ. 20 ತಂಡಗಳಲ್ಲಿ ಕೊನೆಯ ಮೂರು ಎರಡನೇ ಡಿವಿಷನ್‌ಗೆ ಇಳೀಬೇಕು. ಎಫ್‌ಎ ಕಪ್ ಬೇರೇನೇ ಟೂರ್ನಿ. ಅದು ನಾಕೌಟ್, ಸೋತ್ರೆ ಮನೆಗೆ.

ವಿಗನ್ ಇರೋದು ಮ್ಯಾಂಚೆಸ್ಟರ್‌ಗೂ ಲಿವರ್‌ಪೂಲ್‌ಗೂ ಮಧ್ಯ. ಕಲ್ಲಿದ್ದಲು ಗಣಿ, ಹತ್ತಿ ಗಿರಣಿಗಳಿದ್ದ ಊರು. ಅಲ್ಲಿ ಮೊದಲ ಪ್ರೀತಿ ರಗ್ಬಿ ಲೀಗ್‌ಗೆ. ಫುಟ್‌ಬಾಲ್ ಕ್ಲಬ್ಬು ರಾಷ್ಟ್ರೀಯ ಲೀಗ್‌ಗೆ ಬಂದಿದ್ದೇ 1978ರಲ್ಲಿ. 1995ರಲ್ಲಿ ನಾಲ್ಕನೇ ಡಿವಿಷನ್‌ನಲ್ಲಿದ್ದ ಈ ಕ್ಲಬ್ಬನ್ನ ಡೇವ್ ವೀಲನ್ ಕೊಂಡ್ಕೊಂಡ್ರು. ಹತ್ತು ವರ್ಷದಲ್ಲಿ, 2005ಕ್ಕೆ, ಪ್ರೀಮಿಯರ್ ಲೀಗ್ ತಲುಪಿಸಿದ್ರು.

ವೀಲನ್ ಸ್ವತಃ ಆಟಗಾರರು. 1960ರ ಎಫ್‌ಎ ಕಪ್ ಫೈನಲ್‌ನಲ್ಲಿ ಬ್ಲ್ಯಾಕ್‌ಬರ್ನ್ ಪರ ಆಡ್ತಿದ್ದಾಗ ಕಾಲು ಮುರೀತು. ಆಗ ಸಬ್‌ಸ್ಟಿಟ್ಯೂಟ್ ಇಳಿಸೋ ನಿಯಮವೇ ಇರಲಿಲ್ಲ. ಉಳಿದ ಹತ್ತು ಜನ ಆಡಿ 3–0 ಸೋತ್ರು. 53 ವರ್ಷ ಆದ್ಮೇಲೆ ಅದೇ ಮನುಷ್ಯ ತನ್ನ ತಂಡದ ಮುಂದೆ ನಡ್ಕೊಂಡು ವೆಂಬ್ಲಿ ಮೈದಾನಕ್ಕೆ ಬಂದ್ರು. ಆ ದೃಶ್ಯ ಯಾವಾಗ ನೋಡಿದ್ರೂ ನನಗೆ ಗಂಟಲು ಕಟ್ಟುತ್ತೆ.

(ಸ್ಕ್ರೀನ್ ಮೇಲೆ: 2011–12ರ ಪಾಯಿಂಟ್ ಪಟ್ಟಿ)

ಹಿಂದಿನ ಸೀಸನ್ ನೋಡದೆ ಇದು ಅರ್ಥ ಆಗಲ್ಲ. 2012ರ ವಸಂತದಲ್ಲಿ ವಿಗನ್ ಕೊನೆಯ ಒಂಬತ್ತು ಪಂದ್ಯದಲ್ಲಿ ಏಳು ಗೆದ್ದು ಬಚಾವಾಗಿತ್ತು. ಲಿವರ್‌ಪೂಲನ್ನ, ಆರ್ಸೆನಲನ್ನ ಅವರವರ ಮೈದಾನದಲ್ಲೇ ಸೋಲಿಸಿದ್ರು. ಮ್ಯಾಂಚೆಸ್ಟರ್ ಯುನೈಟೆಡ್‌ ವಿರುದ್ಧವೂ 1–0 ಗೆದ್ರು. ಆ ವರ್ಷ ಯುನೈಟೆಡ್ ಸಮ ಪಾಯಿಂಟ್ ಇದ್ದೂ ಗೋಲ್ ಅಂತರದಲ್ಲಿ ಸಿಟಿಗೆ ಟ್ರೋಫಿ ಬಿಟ್ಟುಕೊಟ್ಟಿತು ಅನ್ನೋದನ್ನ ನೆನಪಿಡಿ. ಮ್ಯಾನೇಜರ್ ರಾಬರ್ಟೊ ಮಾರ್ಟಿನೆಝ್, ಹಿಂದೆ ಇದೇ ಕ್ಲಬ್ಬಿಗೆ ಆಡಿದ್ದ ಸ್ಪೇನ್‌ನವರು. ಹಿಂದೆ ಮೂರೇ ಡಿಫೆಂಡರ್, ಚೆಂಡು ನೆಲದ ಮೇಲೇ ಪಾಸ್. ತಳದಲ್ಲಿರೋ ತಂಡ ಹಾಗೆ ಆಡೋದಕ್ಕೆ ಧೈರ್ಯ ಬೇಕು.

ಆ ಬೇಸಿಗೆಯಲ್ಲೇ ತಂಡ ಖಾಲಿಯಾಯ್ತು. ವಿಕ್ಟರ್ ಮೋಸೆಸ್ ಚೆಲ್ಸಿಗೆ ಹೋದ್ರು. ಒಪ್ಪಂದ ಮುಗಿದು ರೊಡಲ್ಲೆಗ ಫುಲಮ್‌ಗೆ, ಡಿಯಾಮೆ ವೆಸ್ಟ್ ಹ್ಯಾಮ್‌ಗೆ. ಆಮೇಲೆ ಗಾಯಗಳು. ಡಿಫೆಂಡರ್ ರಾಮಿಸ್ ಮೊಣಕಾಲು ಪೆಟ್ಟು ಮಾಡ್ಕೊಂಡ್ರು, ಅಲ್ಕರಾಸ್ ತಿಂಗಳುಗಟ್ಟಲೆ ಆಡಲಿಲ್ಲ, ಫಿಗೆರೋವ ಫೈನಲ್‌ಗೂ ಸಿಗಲಿಲ್ಲ.

ನನ್ನ ವಾದ ನಿಂತಿರೋದು ಇಲ್ಲೇ. 38 ಪಂದ್ಯದಲ್ಲಿ ವಿಗನ್ ಹೊಡೆದ ಗೋಲು 47. 13ನೇ ಸ್ಥಾನದಲ್ಲಿ ನಿಶ್ಚಿಂತೆಯಾಗಿದ್ದ ಸ್ಟೋಕ್ ಹೊಡೆದಿದ್ದು 34 ಮಾತ್ರ! ಆದರೆ ವಿಗನ್ ಬಿಟ್ಟುಕೊಟ್ಟ ಗೋಲು 73. ಅದಕ್ಕಿಂತ ಹೆಚ್ಚು ಬಿಟ್ಟುಕೊಟ್ಟ ತಂಡ ಆ ವರ್ಷ ಲೀಗ್‌ನಲ್ಲೇ ಇಲ್ಲ. ಮುಳುಗಿಸಿದ್ದು ಸೋರೋ ಡಿಫೆನ್ಸು. ಅದು ಮೇ ತಿಂಗಳಲ್ಲಿ ಶುರುವಾದ ಕಾಯಿಲೆ ಅಲ್ಲ.

ಕಪ್ಪಿನ ದಾರಿಯನ್ನೂ ನೋಡಿ. ಮೊದಲ ಸುತ್ತುಗಳಲ್ಲಿ ಮಾರ್ಟಿನೆಝ್ ಇಳಿಸಿದ್ದು ಲೀಗ್‌ನಲ್ಲಿ ಅಷ್ಟಾಗಿ ಅವಕಾಶ ಸಿಗದೇ ಇದ್ದೋರನ್ನ. ಬೋರ್ನ್‌ಮತ್, ಮ್ಯಾಕಲ್ಸ್‌ಫೀಲ್ಡ್, ಹಡರ್ಸ್‌ಫೀಲ್ಡ್. ಆಮೇಲೆ ಎವರ್ಟನ್ ಮೈದಾನದಲ್ಲಿ ಕೆಲವೇ ನಿಮಿಷದ ಅಂತರದಲ್ಲಿ ಮೂರು ಗೋಲು, 3–0. ಸೆಮಿಫೈನಲ್‌ನಲ್ಲಿ ಮಿಲ್ವಾಲ್ ವಿರುದ್ಧ 2–0. ಹುಡುಗ ಕ್ಯಾಲಮ್ ಮ್ಯಾಕ್‌ಮ್ಯಾನಮನ್ ಕಪ್ಪಿನಲ್ಲಿ ಮಿಂಚಿ, ಲೀಗ್ ತಂಡಕ್ಕೂ ಶಕ್ತಿಯಾದ. ಅಂದ್ರೆ ಕಪ್ಪು ಲೀಗ್‌ನಿಂದ ಕಿತ್ಕೊಂಡಿದ್ದಷ್ಟೇ ಅಲ್ಲ, ಕೊಟ್ಟಿದ್ದೂ ಇದೆ.

(ಸ್ಕ್ರೀನ್ ಮೇಲೆ: ಫೈನಲ್, ಗಡಿಯಾರ 84:00)

ಈಗ ಫೈನಲ್. ಎದುರಿಗೆ ಅಗುವೆರೊ, ಟೆವೆಝ್, ಸಿಲ್ವ, ಯಾಯಾ ಟೂರೆ. ಆದರೂ ಮ್ಯಾಕ್‌ಮ್ಯಾನಮನ್ ಸಿಟಿಯ ಡಿಫೆಂಡರ್‌ಗಳನ್ನ ಮತ್ತೆ ಮತ್ತೆ ದಾಟಿ ಓಡ್ತಾನೇ ಇದ್ದ. 84ನೇ ನಿಮಿಷದಲ್ಲಿ ಅವನನ್ನ ಬೀಳಿಸಿದ್ದಕ್ಕೆ ಝಬಲೆಟಾಗೆ ಎರಡನೇ ಹಳದಿ ಕಾರ್ಡ್, ಮೈದಾನದಿಂದ ಹೊರಗೆ. ಅದಕ್ಕೂ ಸ್ವಲ್ಪ ಮುಂಚೆ, 81ನೇ ನಿಮಿಷಕ್ಕೆ, ಮಾರ್ಟಿನೆಝ್ ಬೆನ್ ವಾಟ್ಸನ್‌ರನ್ನ ಇಳಿಸಿದ್ರು. ನವೆಂಬರ್‌ನಲ್ಲಿ ಲಿವರ್‌ಪೂಲ್ ವಿರುದ್ಧ ಕಾಲು ಮುರ್ಕೊಂಡು ಆಗ ತಾನೇ ವಾಪಸ್ ಬಂದಿದ್ದ ಆಟಗಾರ.

ಇಂಜುರಿ ಟೈಮ್. ಬಲಗಡೆಯಿಂದ ಶಾನ್ ಮಲೋನಿಯ ಕಾರ್ನರ್ ಕಿಕ್. ವಾಟ್ಸನ್ ಹತ್ತಿರದ ಪೋಸ್ಟ್ ಕಡೆ ಎಲ್ಲರಿಗಿಂತ ಮೊದಲು ನುಗ್ಗಿದ್ರು. ಚೆಂಡು ತಲೆಗೆ ಸವರಿದ ಹಾಗೆ ತಾಗಿ, ಗೋಲ್‌ಕೀಪರ್ ಜೋ ಹಾರ್ಟ್ ತಲೆ ಮೇಲಿಂದ ನೆಟ್ ಒಳಗೆ. 1–0. ಇನ್ನೆರಡು ದಿನಕ್ಕೆ ಸಿಟಿ ಮ್ಯಾನೇಜರ್ ಮಂಚೀನಿ ಕೆಲಸವೂ ಹೋಯ್ತು.

ಹಾಗಾದ್ರೆ ಕಪ್ಪಿನಿಂದ ಲೀಗ್‌ಗೆ ತೊಂದರೆ ಆಗ್ಲೇ ಇಲ್ವಾ? ಆಯ್ತು, ಇಲ್ಲ ಅನ್ನಲ್ಲ. ಮೇ 4ರಿಂದ 19ರವರೆಗೆ ಐದು ಪಂದ್ಯ ಆಡ್ಬೇಕಾಯ್ತು. ಆದರೆ ನನ್ನ ಪ್ರಕಾರ ನಿಜವಾಗಿ ಕೈ ಜಾರಿದ್ದು ಮೇ 7ರಂದು, ತಮ್ಮದೇ ಮೈದಾನದಲ್ಲಿ ಸ್ವಾನ್ಸಿ ವಿರುದ್ಧ. ಎರಡು ಸಲ ಮುನ್ನಡೆ ತಗೊಂಡು ಎರಡೂ ಸಲ ಬಿಟ್ಟುಕೊಟ್ಟು 3–2 ಸೋತ್ರು. ಅವತ್ತು ಗೆದ್ದಿದ್ರೆ, ಆರ್ಸೆನಲ್ ಹತ್ರ ಸೋತ್ರೂ ಕೊನೆಯ ದಿನ ಆಸ್ಟನ್ ವಿಲ್ಲಾ ವಿರುದ್ಧ ಗೆದ್ದು ಉಳ್ಕೊಳ್ಳೋ ದಾರಿ ತೆರೆದಿರ್ತಿತ್ತು. ಮುನ್ನಡೆ ಉಳಿಸ್ಕೊಳ್ಳೋಕೆ ಆಗದ ಅದೇ ಹಳೇ ರೋಗ.

ಮಂಗಳವಾರ ಆರ್ಸೆನಲ್‌ನಲ್ಲಿ ಗೆಲ್ಲಲೇಬೇಕಿತ್ತು. ಅರ್ಧ ಸಮಯಕ್ಕೆ ಮುಂಚೆ ಮಲೋನಿ ಫ್ರೀ ಕಿಕ್‌ನಿಂದ 1–1 ಮಾಡಿದ್ರು. ಆಸೆ ಇತ್ತು. ಆಮೇಲೆ 63, 68, 71ನೇ ನಿಮಿಷ: ವಾಲ್ಕಟ್, ಪೊಡೊಲ್ಸ್ಕಿ, ರ್‍ಯಾಮ್ಸಿ. 4–1. ಸೀಸನ್ ಮುಗಿದಾಗ ವಿಗನ್ 36 ಪಾಯಿಂಟ್, 18ನೇ ಸ್ಥಾನ. ಉಳ್ಕೊಂಡ ಸಂಡರ್‌ಲ್ಯಾಂಡ್ 39.

ದುಡ್ಡಿನ ಲೆಕ್ಕದಲ್ಲಿ ಇದು ದೊಡ್ಡ ಏಟು. ಕಪ್ ಫೈನಲ್ ಗೆದ್ದಿದ್ದಕ್ಕೆ ಬಹುಮಾನ 18 ಲಕ್ಷ ಪೌಂಡ್. ಮರುವರ್ಷ ಹೊಸ ಟಿವಿ ಒಪ್ಪಂದ ಶುರುವಾಗಿ, ಪ್ರೀಮಿಯರ್ ಲೀಗ್‌ನಲ್ಲಿ ಕೊನೆಗೆ ಬಂದ ಕಾರ್ಡಿಫ್‌ಗೇ ಸುಮಾರು 6.2 ಕೋಟಿ ಪೌಂಡ್ ಸಿಕ್ತು. ಮಾರ್ಟಿನೆಝ್ ಎವರ್ಟನ್‌ಗೆ ಹೊರಟ್ರು. ವಿಗನ್ ಮಾತ್ರ ಎರಡನೇ ಡಿವಿಷನ್‌ನಲ್ಲಿದ್ದುಕೊಂಡೇ ಯುರೋಪಾ ಲೀಗ್ ಆಡಿತು, ರಷ್ಯಾದ ರುಬಿನ್ ಕಝಾನ್‌ವರೆಗೂ ಹೋಗಿ ಬಂತು.

"17ನೇ ಸ್ಥಾನ ಬೇಕಾ, ಕಪ್ ಬೇಕಾ" ಅಂತ ಕೇಳಿದ್ರೆ ನಾನು ಕಪ್ ಅಂತಾನೇ ಹೇಳ್ತೀನಿ. ಪ್ರೀಮಿಯರ್ ಲೀಗ್‌ನಲ್ಲಿ ಎಂಟು ವರ್ಷ ಆಡಿದ ಆ ಕ್ಲಬ್ಬಿಗೆ ಅದು ಮೊಟ್ಟಮೊದಲ ದೊಡ್ಡ ಟ್ರೋಫಿ. ಒಪ್ಪದೇ ಇರೋರು ಕಾಮೆಂಟ್‌ನಲ್ಲಿ ಬರೀರಿ. 2014ರ ಮಾರ್ಚ್‌ನಲ್ಲಿ ಇದೇ ವಿಗನ್, ಎರಡನೇ ಡಿವಿಷನ್ ತಂಡವಾಗಿ, ಎಫ್‌ಎ ಕಪ್ ಕ್ವಾರ್ಟರ್‌ಫೈನಲ್‌ಗೆ ಸಿಟಿಯ ಮೈದಾನಕ್ಕೇ ಹೋಗಿ ಅವರನ್ನ ಮತ್ತೆ 2–1 ಸೋಲಿಸಿತು. ಆ ಪಂದ್ಯದ ಕಥೆ ಮುಂದಿನ ವಿಡಿಯೋದಲ್ಲಿ.