ಕಿವಿಗೊಟ್ಟು ಹೊಂದಿಸುವ ಜೋಡಿ ಕಾರ್ಬೊರೇಟರ್

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ನಾನು ಹೇಳಹೊರಟಿರುವುದು ಎಂಜಿಬಿ ಅನ್ನೋ ಹಳೆಯ ಸ್ಪೋರ್ಟ್ಸ್ ಕಾರಿನ ಕಾರ್ಬೊರೇಟರ್, ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕೊಡುವ ಸಾಧನದ ವಿಷಯ. ಒಂದಲ್ಲ, ಎರಡು. ಬಾನೆಟ್ ಎತ್ತಿದರೆ ಇಂಜಿನ್ನಿನ ಪಕ್ಕದಲ್ಲಿ ಸಾಲಾಗಿ ಕೂತಿರುತ್ತವೆ. ಮೇಲೆ ಗುಂಡಗಿನ ಅಲ್ಯೂಮಿನಿಯಂ ಗೋಪುರ, ಅದರ ತುದಿಗೊಂದು ಪುಟ್ಟ ಮುಚ್ಚಳ. ನೋಡೋಕೇ ಚೆಂದ.

ಇಂಗ್ಲೆಂಡಿನ ಆಕ್ಸ್‌ಫರ್ಡ್ ಹತ್ತಿರ ಅಬಿಂಗ್ಡನ್ ಅಂತ ಒಂದು ಊರು. ಅಲ್ಲಿನ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಜಾಸ್ತಿ ಎಂಜಿಬಿ ಕಾರುಗಳು ತಯಾರಾದವು. ನಾಲ್ಕು ಸಿಲಿಂಡರ್, 1798 ಸಿಸಿ. ನಮ್ಮ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಇಂಜಿನ್ ಕೂಡ ಇದೇ ಬಿ-ಸೀರೀಸ್ ಮನೆತನದ್ದು. ಹಾಗಾಗಿ ಅಂಬಾಸಿಡರ್ ಬಿಚ್ಚಿ ಕಟ್ಟಿದ ಕೈಗೆ ಎಂಜಿಬಿ ಅಷ್ಟೇನೂ ಹೊಸದಲ್ಲ. ಕಾರ್ಬೊರೇಟರ್ ಎರಡಿವೆ ಅನ್ನೋದೇ ಹೊಸದು.

ಇವುಗಳ ಹೆಸರು ಎಸ್‌ಯು. ಸ್ಕಿನ್ನರ್ ಎಂಬ ಸಹೋದರರು ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಮಾಡಿದ್ದು. ಅವರ ಮನೆಯದು ಬೂಟು, ಚಪ್ಪಲಿ ವ್ಯಾಪಾರ. ಮೊದಮೊದಲ ಎಸ್‌ಯುಗಳ ಒಳಗೆ ಇದ್ದದ್ದೂ ಚರ್ಮದ ತಿದಿಯೇ! ಆಮೇಲೆ ಅದರ ಜಾಗಕ್ಕೆ ಲೋಹದ ಪಿಸ್ಟನ್ ಬಂತು.

ಕೆಲಸ ಮಾಡುವ ರೀತಿ ಬಹಳ ಸರಳ. ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಗಾಳಿ ಎಳೆಯುತ್ತದೆ. ಆ ಎಳೆತಕ್ಕೆ ಗೋಪುರದೊಳಗಿನ ಪಿಸ್ಟನ್ ಮೇಲೇಳುತ್ತದೆ. ಪಿಸ್ಟನ್ನಿನ ಅಡಿಯಲ್ಲಿ ಒಂದು ಸೂಜಿ, ತುದಿಗೆ ಹೋದಂತೆ ಸಣ್ಣ. ಅದು ಜೆಟ್ ಎನ್ನುವ ತೂತಿನೊಳಗೆ ಇಳಿದಿರುತ್ತದೆ. ಸೂಜಿ ಮೇಲೆದ್ದಷ್ಟೂ ತೂತು ತೆರೆದುಕೊಳ್ಳುತ್ತದೆ, ಪೆಟ್ರೋಲ್ ಜಾಸ್ತಿ ಬರುತ್ತದೆ. ಎಷ್ಟು ಗಾಳಿಯೋ ಅಷ್ಟು ಪೆಟ್ರೋಲ್. ಗೋಪುರದ ಮುಚ್ಚಳ ತೆಗೆದು ಸ್ವಲ್ಪ ಎಣ್ಣೆ ಹಾಕುತ್ತೇವಲ್ಲ, ಅದಕ್ಕೂ ಕಾರಣ ಇದೆ. ಆ ಎಣ್ಣೆ ಪಿಸ್ಟನ್ನನ್ನು ಒಂದು ಕ್ಷಣ ತಡೆದು ಹಿಡಿಯುತ್ತದೆ. ಆ ಕ್ಷಣ ಪೆಟ್ರೋಲ್ ಪಾಲು ಹೆಚ್ಚಾಗಿ ಗಾಡಿ ಮುಂದಕ್ಕೆ ಜಿಗಿಯುತ್ತದೆ. ಆಕ್ಸಿಲರೇಟರ್ ಒತ್ತಿದ ಕೂಡಲೇ ಗಾಡಿ ಮುಗ್ಗರಿಸಿದರೆ ಮೊದಲು ಈ ಎಣ್ಣೆ ನೋಡಿ.

ಇನ್ನು ಹೊಂದಿಸುವ ಕೆಲಸ. ನಾನು ಕಂಡಂತೆ ಹೆಚ್ಚಿನವರು ತಪ್ಪು ಜಾಗದಲ್ಲಿ ಶುರು ಮಾಡುತ್ತಾರೆ. ಗಾಡಿ ಅಲುಗಾಡುತ್ತಿದೆ ಅಂದ ಕೂಡಲೇ ಸ್ಕ್ರೂಡ್ರೈವರ್ ಕಾರ್ಬೊರೇಟರ್ ಕಡೆಗೇ ಹೋಗುತ್ತದೆ. ದಯವಿಟ್ಟು ತಡೆಯಿರಿ. ವಾಲ್ವ್ ತೆರೆಯುವ ಟ್ಯಾಪೆಟ್‌ಗಳ ಸಂದು, ಕಿಡಿಗಾಗಿ ಕರೆಂಟ್ ಕಡಿಯುವ ಪಾಯಿಂಟ್‌ಗಳ ಸಂದು, ಪ್ಲಗ್, ಕಿಡಿ ಹಾರುವ ಟೈಮಿಂಗ್ ಇವೆಲ್ಲ ಮೊದಲು ಸರಿಯಾಗಲಿ. ಪಾಯಿಂಟ್ ಸಂದು 0.015 ಇಂಚಿನ ಆಸುಪಾಸು ಇರಬೇಕು. ಕಿಡಿಯಲ್ಲೇ ದೋಷ ಇಟ್ಟುಕೊಂಡು ಕಾರ್ಬೊರೇಟರ್ ತಿರುವಿದರೆ ಸುಮ್ನೆ ಇಡೀ ದಿನ ಹಾಳು. ಇನ್ನೊಂದು ಪರೀಕ್ಷೆ: ಗಾಳಿಯ ದಾರಿ ತೆರೆದು ಮುಚ್ಚುವ ಥ್ರಾಟಲ್‌ನ ಕಡ್ಡಿಯನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಅದು ಸವೆದು ಲೊಡಬಡ ಎನ್ನುತ್ತಿದ್ದರೆ ಆ ಸಂದಿನಿಂದ ಕಳ್ಳಗಾಳಿ ಒಳಗೆ ಹೋಗುತ್ತದೆ. ಹಾಗಿದ್ದರೆ ಸವೆದ ಜಾಗಕ್ಕೆ ಬುಷ್ ಎನ್ನುವ ಲೋಹದ ಬಳೆ ಹಾಕಿಸದೆ ಹೊಂದಿಸಲು ಕೂರಬೇಡಿ.

ಇದೆಲ್ಲ ಮುಗಿದ ಮೇಲೆ ಕಾರನ್ನು ಬಯಲಿಗೆ ತನ್ನಿ. ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನ್ ಓಡಿಸಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆಯುತ್ತದೆ. ಇಂಜಿನ್ ಚೆನ್ನಾಗಿ ಬಿಸಿಯಾಗಲಿ. ಏರ್ ಫಿಲ್ಟರ್ ಎರಡನ್ನೂ ಬಿಚ್ಚಿಡಿ.

ಮೊದಲು ಗಾಳಿ, ಆಮೇಲೆ ಪೆಟ್ರೋಲ್. ಈ ಕ್ರಮ ತಪ್ಪಿಸಬೇಡಿ. ಮುಂದಿನ ಕಾರ್ಬೊರೇಟರ್ ಒಂದು, ಎರಡನೇ ಸಿಲಿಂಡರ್‌ಗಳಿಗೆ ಉಣಿಸುತ್ತದೆ, ಹಿಂದಿನದು ಮೂರು, ನಾಲ್ಕಕ್ಕೆ. ಜೋಡೆತ್ತಿನಲ್ಲಿ ಒಂದೇ ಎಳೆದರೆ ಗಾಡಿ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ. ಎರಡಕ್ಕೂ ಗಾಳಿ ಸಮನಾಗಿ ಹೋಗಬೇಕು. ಅದಕ್ಕೆ ಎರಡೂ ಥ್ರಾಟಲ್‌ಗಳನ್ನು ಜೋಡಿಸುವ ಸರಳಿನ ಕ್ಲ್ಯಾಂಪ್ ಸಡಿಲಿಸಿ. ಈಗ ಎರಡೂ ಬೇರೆ ಬೇರೆ.

ಗಾಳಿ ಅಳೆಯುವ ಮೀಟರ್ ಸಿಗುತ್ತದೆ. ಆದರೆ ನನಗೆ ಒಂದು ಮೊಳ ರಬ್ಬರ್ ಪೈಪೇ ಇಷ್ಟ. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬೊರೇಟರ್ ಬಾಯಿಗೆ. ಸುಯ್ ಅಂತ ಸದ್ದು ಕೇಳುತ್ತದೆ. ಪೈಪನ್ನು ಪಕ್ಕದ್ದಕ್ಕೆ ಸರಿಸಿ, ಅದೇ ಜಾಗ, ಅದೇ ಅಂತರ. ಅಲ್ಲಿ ಸದ್ದು ಗಟ್ಟಿಯಾಗಿದ್ದರೆ ಅದರ ಐಡ್ಲಿಂಗ್ ಸ್ಕ್ರೂ, ಅಂದರೆ ಆಕ್ಸಿಲರೇಟರ್ ಒತ್ತದಿದ್ದಾಗ ಇಂಜಿನ್ ಓಡುವ ವೇಗ ಹೊಂದಿಸುವ ಸ್ಕ್ರೂ, ಕೊಂಚ ಸಡಿಲಿಸಿ. ಮತ್ತೆ ಮೊದಲಿನದಕ್ಕೆ ಬನ್ನಿ. ಹೀಗೆ ಅತ್ತಿಂದಿತ್ತ ಹೋಗುತ್ತಾ, ಬರುತ್ತಾ ಎರಡೂ ಒಂದೇ ಸದ್ದಿಗೆ ಬರುತ್ತವೆ. ಐಡ್ಲಿಂಗ್ ಸುಮಾರು 800 ಆರ್‌ಪಿಎಂ ಇದ್ದರೆ ಸಾಕು. ಸ್ಕ್ರೂ ಎರಡನ್ನೂ ಅಷ್ಟಷ್ಟೇ ಸುತ್ತು ತಿರುಗಿಸಿದೆ, ಸಮ ಆಯಿತು ಅಂದುಕೊಳ್ಳಬೇಡಿ. ಹಳೆಯ ಕಾರ್ಬೊರೇಟರ್ ಎರಡೂ ಒಂದೇ ಥರ ಸವೆದಿರುವುದಿಲ್ಲ. ಸುತ್ತಿನ ಲೆಕ್ಕಕ್ಕಿಂತ ಕಿವಿಯನ್ನು ನಂಬಿ.

ಈಗ ಪೆಟ್ರೋಲ್. ಜೆಟ್ಟಿನ ಕೆಳಗೆ ಆರು ಮುಖದ ಒಂದು ನಟ್ ಇದೆ. ಜೆಟ್ ಕೆಳಗಿಳಿದರೆ ಮಿಕ್ಸ್ಚರ್ ರಿಚ್, ಅಂದರೆ ಗಾಳಿಯ ಜೊತೆ ಪೆಟ್ರೋಲ್ ಪಾಲು ಜಾಸ್ತಿ; ಮೇಲೇರಿದರೆ ಲೀನ್, ಅಂದರೆ ಪೆಟ್ರೋಲ್ ಪಾಲು ಕಡಿಮೆ. ಎಲ್ಲಿಂದ ಶುರು ಮಾಡೋದು? ಜೆಟ್ಟಿನ ತುದಿಯನ್ನು ಅದು ತೆರೆದುಕೊಳ್ಳುವ ಗಾಳಿದಾರಿಯ ತಳಕ್ಕೆ ಸರಿಸಮ ತಂದು, ಅಲ್ಲಿಂದ ನಟ್ಟನ್ನು ಎರಡು ಸುತ್ತು ಕೆಳಗಿಳಿಸಿ. ಅಲ್ಲಿಂದ ಮುಂದೆ ಒಂದು ಸಲಕ್ಕೆ ಒಂದೇ ಮುಖ, ಅಂದರೆ ಸುತ್ತಿನ ಆರರಲ್ಲಿ ಒಂದು ಪಾಲು.

ಸರಿಯಾಯಿತೋ ಇಲ್ಲವೋ ಅಂತ ಇಂಜಿನ್ನೇ ಹೇಳುತ್ತದೆ. ಕಾರ್ಬೊರೇಟರ್ ಪಕ್ಕದಲ್ಲಿ ಕೆಳಗಡೆ ಒಂದು ಸಣ್ಣ ಪಿನ್ ಇದೆ. ಅದನ್ನು ಬೆರಳ ತುದಿಯಿಂದ ಮೆಲ್ಲಗೆ ಮೇಲಕ್ಕೆ ತಳ್ಳಿ. ಮೊದಲು ಒಂದಿಷ್ಟು ಸಡಿಲ ಇರುತ್ತದೆ, ಆಮೇಲೆ ಪಿಸ್ಟನ್ ತಾಗಿದ್ದು ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಂದ ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಿ. ಇಂಜಿನ್ ವೇಗ ಏರಿ ಹಾಗೇ ನಿಂತರೆ ರಿಚ್. ಕುಸಿದು ಉಸಿರು ಕಟ್ಟಿದಂತಾದರೆ ಲೀನ್. ಒಂದು ಚೂರು ಏರಿ, ತಕ್ಷಣ ತನ್ನ ಜಾಗಕ್ಕೆ ಮರಳಿದರೆ ಸರಿ. ಆ ಚೂರು ಏರಿಕೆಯನ್ನು ಮೊದಲ ಸಲ ಗುರುತಿಸಿದಾಗ ಆಗುವ ಖುಷಿಯೇ ಬೇರೆ! ಇನ್ನೊಂದರಲ್ಲೂ ಹೀಗೇ ಮಾಡಿ. ಆದರೆ ಎರಡನೆಯದನ್ನು ತಿರುವಿದಾಗ ಮೊದಲನೆಯದೂ ಸ್ವಲ್ಪ ಬದಲಾಗುತ್ತದೆ, ಯಾಕಂದರೆ ಎರಡರ ಮ್ಯಾನಿಫೋಲ್ಡ್, ಅಂದರೆ ಮಿಕ್ಸ್ಚರನ್ನು ಇಂಜಿನ್ನಿಗೆ ಒಯ್ಯುವ ಕೊಳವೆ, ಒಳಗಿಂದ ಕೂಡಿಕೊಂಡಿದೆ. ಹಾಗಾಗಿ ಮೊದಲನೆಯದನ್ನು ಮತ್ತೆ ನೋಡಿ, ಗಾಳಿಯ ಸದ್ದನ್ನೂ ಮತ್ತೆ ಕೇಳಿ.

ಹಳೆಯ ಪುಸ್ತಕಗಳಲ್ಲಿ ಇಲ್ಲದ ಒಂದು ವಿಷಯ ಈಗ ಸೇರಿಕೊಂಡಿದೆ, ಎಥನಾಲ್. ಇಂಗ್ಲೆಂಡಿನ ಬಂಕುಗಳಲ್ಲಿ 2021ರಿಂದ ಶೇಕಡಾ 10ರವರೆಗೆ ಎಥನಾಲ್ ಬೆರೆತ ಪೆಟ್ರೋಲ್ ಬಂದಿದೆ. ನಮ್ಮಲ್ಲಿ ಅದು ಶೇಕಡಾ 20. ಎಥನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ ಮಿಕ್ಸ್ಚರ್ ಲೀನ್ ಕಡೆಗೆ ಜಾರುತ್ತದೆ. ಆದ್ದರಿಂದ ನಟ್ಟನ್ನು ಪುಸ್ತಕದ ಲೆಕ್ಕಕ್ಕಿಂತ ಒಂದೆರಡು ಮುಖ ಕೆಳಗಿಳಿಸಬೇಕಾಗಬಹುದು. ಹಳೆಯ ರಬ್ಬರ್ ಪೈಪುಗಳನ್ನೂ ಅದು ತಿನ್ನುತ್ತದೆ. ಬಿರುಕು ಕಂಡರೆ ಎಥನಾಲ್ ತಡೆಯುವ ಪೈಪನ್ನೇ ಹಾಕಿಸಿ, ಕೆಳಗೆ ಬಿಸಿ ಸೈಲೆನ್ಸರ್ ಪೈಪ್ ಇದೆ ಅನ್ನೋದು ನೆನಪಿರಲಿ.

ಕೊನೆಗೆ ಕ್ಲ್ಯಾಂಪ್ ಬಿಗಿ ಮಾಡುವಾಗ ಎರಡೂ ಥ್ರಾಟಲ್ ಒಂದೇ ಹೊತ್ತಿಗೆ ತೆರೆಯುವಂತೆ ನೋಡಿಕೊಳ್ಳಿ. ಇಂಜಿನ್ನನ್ನು 1500 ಆರ್‌ಪಿಎಂಗೆ ಏರಿಸಿ ಪೈಪ್ ಹಿಡಿದು ಇನ್ನೊಮ್ಮೆ ಕೇಳಿ. ಐಡ್ಲಿಂಗ್‌ನಲ್ಲಿ ಸಮ ಇದ್ದದ್ದು ಇಲ್ಲಿ ತಪ್ಪಿದ್ದರೆ ದೋಷ ಕ್ಲ್ಯಾಂಪಿನಲ್ಲಿದೆ. ಆಮೇಲೆ ಫಿಲ್ಟರ್ ಹಾಕಿ, ಹೆದ್ದಾರಿಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ನಿಲ್ಲಿಸಿದ ಮೇಲೆ ಐಡ್ಲಿಂಗ್‌ನಲ್ಲಿ ಬಿಡದೆ ಆಫ್ ಮಾಡಿ, ಆರಿದ ಮೇಲೆ ನಾಲ್ಕೂ ಪ್ಲಗ್ ಬಿಚ್ಚಿ ಸಾಲಾಗಿ ಇಡಿ. ನಾಲ್ಕೂ ತಿಳಿ ಕಂದು ಬಣ್ಣ ಇದ್ದರೆ ನಿಮ್ಮ ಕೆಲಸ ಆಯಿತು. ಮೂರು, ನಾಲ್ಕನೆಯವು ಮಾತ್ರ ಮಸಿ ಹಿಡಿದಿದ್ದರೆ ಹಿಂದಿನ ಕಾರ್ಬೊರೇಟರಿನ ನಟ್ಟನ್ನು ಒಂದು ಮುಖ ಮೇಲೇರಿಸಿ, ಇನ್ನೊಂದು ಸುತ್ತು ಹೋಗಿ ಬನ್ನಿ. ನಮಸ್ಕಾರ.