ಹೊಂದದ ಜೋಡಿ ಕಟ್ಟಿದರೆ ಊದಿಕೊಳ್ಳೋದು ಬಡಪಾಯಿ ಬ್ಯಾಟರಿನೇ

ಟಿವಿ ರಿಮೋಟಿಗೆ ಇದನ್ನ ನಾವೆಲ್ಲ ಮಾಡಿದ್ದೇವೆ. ಎರಡು ಸೆಲ್‌ನಲ್ಲಿ ಒಂದನ್ನ ಕಿತ್ತು, ಗೋಡೆ ಗಡಿಯಾರದ ಸೆಲ್ ಹಾಕೋದು. ಅದೂ ಆಗಲಿಲ್ಲ ಅಂದ್ರೆ ಹಲ್ಲಲ್ಲಿ ಕಚ್ಚೋದು, ಇಲ್ಲಾ ಬಿಸಿಲಿಗೆ ಇಟ್ಟು ಮತ್ತೆ ಹಾಕೋದು. ಏನೂ ಆಗುತ್ತಿರಲಿಲ್ಲ. ಹೆಚ್ಚೆಂದರೆ ಸೆಲ್ ಸೋರಿ ಸ್ಪ್ರಿಂಗ್ ಮೇಲೆ ಬಿಳಿ ಪುಡಿ ಕೂರುತ್ತಿತ್ತು, ಅಮ್ಮ ಬೈಯುತ್ತಿದ್ದರು, ಅಷ್ಟೇ. ಅದೇ ಧೈರ್ಯವನ್ನ ಆರ್‌ಸಿ ಕಾರಿನ (ರಿಮೋಟ್‌ನಲ್ಲಿ ಓಡಿಸುವ ಪುಟ್ಟ ಕಾರಿನ) ಲಿಪೋ, ಅಂದರೆ ಲಿಥಿಯಂ ಪಾಲಿಮರ್, ಬ್ಯಾಟರಿಗೂ ತಂದುಬಿಡುತ್ತೇವೆ ನೋಡಿ, ಎಡವಟ್ಟು ಆಗೋದು ಅಲ್ಲೇ.

ನಾನೂ ತಂದಿದ್ದೆ. ನನ್ನದು ಎರಡು ಟ್ರೇ ಇರುವ ಗಾಡಿ. ಎಡಕ್ಕೊಂದು 3ಎಸ್ (ಒಳಗೆ ಮೂರು ಸೆಲ್ ಸಾಲಾಗಿರುವ) ಪ್ಯಾಕ್, ಬಲಕ್ಕೊಂದು 3ಎಸ್ ಪ್ಯಾಕ್, ಎರಡೂ ಸೀರೀಸ್‌ನಲ್ಲಿ, ಅಂದರೆ ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ ಸೇರಿ, 6ಎಸ್. ಟ್ರಾಕ್ಸಾಸ್ ಕಂಪನಿಯ ಇ-ರೆವೋ ಗಾಡಿ ಇರುವವರಿಗೆ ಈ ವ್ಯವಸ್ಥೆ ಗೊತ್ತು. ಅವರದೇ ಎಕ್ಸ್-ಮ್ಯಾಕ್ಸ್‌ನಲ್ಲಿ ಎರಡು 4ಎಸ್ ಹಾಕಿ 8ಎಸ್ ಮಾಡುತ್ತಾರಲ್ಲ, ಅದೂ ಇದೇ ಲೆಕ್ಕ. ನನ್ನ ಜೋಡಿ 5200 ಎಂಎಎಚ್ (ಪ್ಯಾಕ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನೋ ಅಳತೆ) ಪ್ಯಾಕ್‌ಗಳಲ್ಲಿ ಒಂದು ಸತ್ತುಹೋಯಿತು. ಅದೇ ಪ್ಯಾಕ್ ಇನ್ನೊಂದು ತರಬೇಕೆಂದರೆ ಐದಾರು ಸಾವಿರ. ಡ್ರಾಯರ್‌ನಲ್ಲಿ ಒಂದು ಹಳೇ 3300 ಬಿದ್ದಿತ್ತು. ಅದೂ 3ಎಸ್, ಕನೆಕ್ಟರ್ ಕೂಡ ಅದೇ. ಎರಡನ್ನೂ ಫುಲ್ ಚಾರ್ಜ್ ಮಾಡಿದೆ, ಎರಡೂ 12.6 ವೋಲ್ಟ್ ತೋರಿಸಿದವು. ಮತ್ತಿನ್ನೇನು ಬೇಕು ಅಂದುಕೊಂಡು ಭಾನುವಾರ ಬೆಳಗ್ಗೆ ಮೈದಾನಕ್ಕೆ ಹೋದೆ.

ಗಾಡಿ ಚೆನ್ನಾಗೇ ಓಡಿತು. ಕೆಟ್ಟದಾಗಿ ಓಡಿದ್ದರೆ ನಿಲ್ಲಿಸುತ್ತಿದ್ದೆ. ಒಂದು ಹನ್ನೆರಡು ನಿಮಿಷ ಆದ ಮೇಲೆ ಎಳೆತ ಸ್ವಲ್ಪ ಕಡಿಮೆ ಆದ ಹಾಗಾಯಿತು. ಇಎಸ್‌ಸಿ (ಮೋಟಾರಿಗೆ ಕರೆಂಟ್ ಅಳೆದು ಕೊಡುವ, ಬ್ಯಾಟರಿ ಇಳಿದರೆ ನಿಲ್ಲಿಸುವ ಸರ್ಕ್ಯೂಟ್) ಕಟ್ ಮಾಡಲಿಲ್ಲ, ಎಚ್ಚರಿಕೆ ದೀಪ ಕೂಡ ಮಿನುಗಲಿಲ್ಲ. ಇನ್ನೊಂದು ರೌಂಡ್ ಅಂತ ಹೊಡೆದೆ. ವಾಪಸ್ ಬಂದು ಬಾಡಿ ಎತ್ತಿ ನೋಡಿದರೆ ಎಡಗಡೆಯ ಹಳೇ 3300 ಪ್ಯಾಕ್ ಪೂರಿ ಥರ ಉಬ್ಬಿ ಟ್ರೇಗೆ ಕಚ್ಚಿಕೊಂಡಿದೆ, ಸ್ಟ್ರಾಪ್ ಬಿಚ್ಚಿದರೂ ಈಚೆ ಬರುತ್ತಿಲ್ಲ, ಕೈ ಇಟ್ಟರೆ ಇಡಲಾಗದಷ್ಟು ಬಿಸಿ, ಜೊತೆಗೆ ಉಗುರಿನ ಬಣ್ಣ ತೆಗೆಯುವ ಲಿಕ್ವಿಡ್ ಥರ ಒಂದು ಸಿಹಿ ವಾಸನೆ. ಆ ವಾಸನೆ ಬಂದರೆ ಮೂಗು ಹತ್ತಿರ ತಗೊಂಡು ಹೋಗಬೇಡಿ, ಒಳಗಿನ ಎಲೆಕ್ಟ್ರೋಲೈಟ್ ಸೋರುತ್ತಿದೆ ಅಂತ ಅರ್ಥ. ಸ್ವಲ್ಪ ತಣ್ಣಗಾದ ಮೇಲೆ ಸೆಲ್ ವೋಲ್ಟೇಜ್ ತೋರಿಸುವ ಚೆಕರ್ ಚುಚ್ಚಿ ನೋಡಿದೆ. ಬಲಗಡೆಯ 5200 ಆರಾಮಾಗಿ ಸೆಲ್‌ಗೆ 3.74 ವೋಲ್ಟ್. ಎಡಗಡೆ 2.9, 2.8, 2.1. ಒಂದೇ ಗಾಡಿ, ಒಂದೇ ಓಟ. ಒಬ್ಬ ಇನ್ನೂ ಊಟ ಮುಗಿಸಿಲ್ಲ, ಇನ್ನೊಬ್ಬ ಹಸಿದು ಸತ್ತಿದ್ದಾನೆ.

ಯಾಕೆ ಹೀಗಾಯಿತು? ಸೀರೀಸ್‌ನಲ್ಲಿ ಒಂದು ಪ್ಯಾಕಿನಿಂದ ಎಷ್ಟು ಕರೆಂಟ್ ಹೋಗುತ್ತದೋ ಇನ್ನೊಂದರಿಂದಲೂ ಅಷ್ಟೇ ಹೋಗಬೇಕು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತ ಗಾದೆ ಇದೆಯಲ್ಲ, ಇಲ್ಲಿ ಆ ಸ್ವಾತಂತ್ರ್ಯವೂ ಇಲ್ಲ. ನೊಗಕ್ಕೆ ಕಟ್ಟಿದ ಮುದಿ ಎತ್ತು ಒಂದು ಹೆಜ್ಜೆ ಹಿಂದೆ ಬೀಳಬಹುದು, ಮಲಗಿಬಿಡಬಹುದು. ಸೀರೀಸ್‌ನಲ್ಲಿ ಇರುವ ಸಣ್ಣ ಪ್ಯಾಕ್ ಹಾಗೆ ಮಾಡೋಕಾಗಲ್ಲ. 3300 ಖಾಲಿ ಆಗುವ ಹೊತ್ತಿಗೆ 5200ರಲ್ಲಿ ಇನ್ನೂ 1900 ಉಳಿದಿರುತ್ತದೆ. ದೊಡ್ಡದು ತಳ್ಳುತ್ತಲೇ ಇರುತ್ತದೆ, ಖಾಲಿಯಾದದ್ದರ ಹೊಟ್ಟೆಯೊಳಗಿಂದಲೇ ಕರೆಂಟ್ ಹಾಯುತ್ತಲೇ ಇರುತ್ತದೆ.

ಇಎಸ್‌ಸಿ ಕಟ್ ಮಾಡಬೇಕಿತ್ತಲ್ವಾ? ಅಂತೀರಿ. ನಾನೂ ಅದನ್ನೇ ನಂಬಿದ್ದೆ. ಆದರೆ ಇಎಸ್‌ಸಿಗೆ ಕಾಣೋದು ಎರಡೇ ವೈರ್, ಒಟ್ಟು ವೋಲ್ಟೇಜ್ ಮಾತ್ರ. ಸೆಲ್‌ಗೆ 3.2 ಅಂತ ಸೆಟ್ ಮಾಡಿದರೆ ಅದು ಆರರಿಂದ ಗುಣಿಸಿ 19.2ಕ್ಕೆ ಕಾಯುತ್ತಾ ಕೂರುತ್ತದೆ. ದೊಡ್ಡ ಪ್ಯಾಕ್ ಹತ್ತಿರ ಇನ್ನೂ 11.3 ವೋಲ್ಟ್ ಇದೆ. ಅಂದರೆ ಸಣ್ಣದು 7.9ಕ್ಕೆ, ಸೆಲ್‌ಗೆ ಸುಮಾರು 2.6ಕ್ಕೆ ಇಳಿಯುವವರೆಗೂ ಇಎಸ್‌ಸಿ ಪ್ರಕಾರ ಎಲ್ಲಾ ಸರಿ ಇದೆ. ಅದೂ ಮೂರು ಸೆಲ್ ಸಮವಾಗಿ ಇಳಿದರೆ. ಹಳೇ ಪ್ಯಾಕಿನಲ್ಲಿ ಸಮ ಎಲ್ಲಿರುತ್ತೆ? ಒಂದು ಸೆಲ್ ಮೊದಲು ಕುಸಿಯುತ್ತದೆ. ತುಂಬಾ ಕೆಳಗೆ ಹೋದ ಸೆಲ್‌ನಲ್ಲಿ ಒಳಗಿನ ತಾಮ್ರದ ಹಾಳೆ ಕರಗೋಕೆ ಶುರುವಾಗುತ್ತದೆ. ಮುಂದೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇರೆಲ್ಲೋ ಹೋಗಿ ಕೂತು ಒಳಗೇ ಶಾರ್ಟ್ ಮಾಡಬಹುದು. ಅದಕ್ಕೇ ಬೆಂಕಿ ಓಡಿಸುವಾಗಲೇ ಹತ್ತಬೇಕೆಂದಿಲ್ಲ. ಎರಡು ದಿನ ಬಿಟ್ಟು, ಮನೆಯಲ್ಲಿ, ಚಾರ್ಜರ್ ಮೇಲೆ ಹತ್ತಬಹುದು. ಫೋನು, ಲ್ಯಾಪ್‌ಟಾಪಿನ ಬ್ಯಾಟರಿ ಒಳಗೆ ಕಾವಲಿಗೆ ಒಂದು ಸರ್ಕ್ಯೂಟ್ ಇರುತ್ತದೆ. ನಮ್ಮ ಆರ್‌ಸಿ ಪ್ಯಾಕಿನಲ್ಲಿ ಆ ಕಾವಲುಗಾರ ಇಲ್ಲ, ನಾವೇ ಕಾಯಬೇಕು.

ಇನ್ನು "ಒಂದೇ ಬ್ರ್ಯಾಂಡ್, ಒಂದೇ ಎಂಎಎಚ್, ಹಾಗಾದರೆ ಓಕೆ" ಅನ್ನೋ ಮಾತು. ಅರ್ಧ ಸರಿ. ಎರಡು ವರ್ಷ ದುಡಿದ 5200 ಮತ್ತು ನಿನ್ನೆ ತಂದ 5200 ಹೆಸರಿಗೆ ಮಾತ್ರ ಒಂದೇ. ಹಳೇದರ ಒಳಗಿನ ರೆಸಿಸ್ಟೆನ್ಸ್ ಏರಿರುತ್ತದೆ. ಹೊಸ ಸೆಲ್ 3 ಮಿಲಿಓಮ್ ಇದ್ದರೆ ಹಳೇದು 10 ಇರಬಹುದು. 60 ಆಂಪ್ ಎಳೆದಾಗ ಹೊಸ ಸೆಲ್‌ನಲ್ಲಿ 11 ವ್ಯಾಟ್ ಶಾಖ, ಹಳೇ ಸೆಲ್‌ನಲ್ಲಿ 36 ವ್ಯಾಟ್. ಮೂರು ಸೆಲ್ ಸೇರಿದರೆ ನೂರು ದಾಟಿತು, ನಮ್ಮಜ್ಜಿ ಮನೆಯ ಹಳೇ ನೂರು ಕ್ಯಾಂಡಲ್ ಬಲ್ಬು ಟ್ರೇ ಒಳಗೆ ಉರಿದ ಹಾಗೆ. ಸ್ಟಿಕ್ಕರ್ ಮೇಲಿನ ಸಿ ರೇಟಿಂಗ್ (ಪ್ಯಾಕ್ ತನ್ನ ಎಂಎಎಚ್‌ನ ಎಷ್ಟು ಪಟ್ಟು ಕರೆಂಟ್ ಕೊಡಬಲ್ಲದು ಅನ್ನೋ ಲೆಕ್ಕ) ನೋಡಿ ಜೋಡಿ ಮಾಡೋದನ್ನಂತೂ ಬಿಟ್ಟುಬಿಡಿ. 5000 ಎಂಎಎಚ್, 100ಸಿ ಅಂದರೆ 500 ಆಂಪ್. ಅದಕ್ಕೆ ಹಾಕಿರುವ ಎಕ್ಸ್‌ಟಿ90 ಕನೆಕ್ಟರ್ ತಡೆಯೋದು 90 ಆಂಪ್. ಯಾರು ಯಾರಿಗೆ ಕಿವಿ ಮೇಲೆ ಹೂ ಇಡುತ್ತಿದ್ದಾರೆ? ಒಳ್ಳೆ ಚಾರ್ಜರ್‌ಗಳಲ್ಲಿ ಪ್ರತಿ ಸೆಲ್‌ನ ರೆಸಿಸ್ಟೆನ್ಸ್ ತೋರಿಸುತ್ತದೆ, ಅದನ್ನ ನೋಡಿ.

ಈಗ ನನ್ನ ಜಗಳ ಇರೋದು ಇಲ್ಲಿ. ಜನ ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸೋದು) ಅಂದರೆ ಹೆದರುತ್ತಾರೆ, ಸೀರೀಸ್ ಅಂದರೆ ಹೆದರೋದೇ ಇಲ್ಲ. ಬೇರೆ ಬೇರೆ ಎಂಎಎಚ್ ಇರುವ ಎರಡು ಪ್ಯಾಕನ್ನ ಪ್ಯಾರಲಲ್ ಮಾಡೋದು, ನಿಜ ಹೇಳಬೇಕೆಂದರೆ, ಅಷ್ಟು ದೊಡ್ಡ ಪಾಪ ಅಲ್ಲ. ಎರಡೂ ಅಷ್ಟೇ ಎಸ್ ಇರಬೇಕು, ಜೋಡಿಸುವ ಕ್ಷಣದಲ್ಲಿ ವೋಲ್ಟೇಜ್ ಒಂದೇ ಇರಬೇಕು. ಆಮೇಲೆ ದೊಡ್ಡದು ಜಾಸ್ತಿ ಹೊರುತ್ತದೆ, ಸಣ್ಣದು ಕಡಿಮೆ ಹೊರುತ್ತದೆ, ವೋಲ್ಟೇಜ್ ಜೊತೆಜೊತೆಗೆ ಇಳಿಯುತ್ತದೆ. ಹಾಗಂತ ಫುಲ್ ಇರುವ 12.6ನ್ನ ಅರ್ಧ ಖಾಲಿಯಾದ 11.4ಕ್ಕೆ ಚುಚ್ಚಬೇಡಿ. ವ್ಯತ್ಯಾಸ ಬರೀ 1.2 ವೋಲ್ಟ್ ಅನ್ನಿಸುತ್ತದೆ, ಆದರೆ ಮಧ್ಯದಲ್ಲಿ ಇರೋದು ಇಪ್ಪತ್ತು ಮೂವತ್ತು ಮಿಲಿಓಮ್. ನಲವತ್ತರಿಂದ ಅರವತ್ತು ಆಂಪ್ ಒಂದರಿಂದ ಇನ್ನೊಂದಕ್ಕೆ ನುಗ್ಗುತ್ತದೆ. 2ಎಸ್‌ಗೆ 3ಎಸ್ ಪ್ಯಾರಲಲ್ ಮಾಡೋದು ಮಾತ್ರ ಯಾವ ಕಾಲಕ್ಕೂ ಬೇಡ, 8.4ಕ್ಕೆ ನಿಲ್ಲಬೇಕಾದ ಪ್ಯಾಕಿಗೆ 12.6 ತುಂಬಿದ ಹಾಗೆ, ಅದು ನೇರ ಬೆಂಕಿ. ಇನ್ನೊಂದು ವಿಷಯ. ಸೀರೀಸ್ ವೈರ್, ಪ್ಯಾರಲಲ್ ವೈರ್ ನೋಡೋಕೆ ಅಣ್ಣತಮ್ಮಂದಿರ ಥರ. ಎರಡಕ್ಕೂ ಎರಡು ಬಾಲ, ಒಂದು ತಲೆ. ಪೆಟ್ಟಿಗೆಯಲ್ಲಿ ಸುಮ್ನೆ ಒಟ್ಟಿಗೆ ಎಸೆಯಬೇಡಿ, ಬೇರೆ ಬಣ್ಣದ ಟೇಪ್ ಸುತ್ತಿ ಇಡಿ.

ಅಂಗಡಿಯಲ್ಲಿ ಒಬ್ಬರು ನನಗೆ, ಉಬ್ಬಿದ ಪ್ಯಾಕಿಗೆ ಸೂಜಿ ಚುಚ್ಚಿ ಗ್ಯಾಸ್ ಬಿಟ್ಟು ಟೇಪ್ ಹಾಕಿ, ಇನ್ನಾರು ತಿಂಗಳು ಬರುತ್ತೆ ಅಂದಿದ್ದರು. ಬೇಡ. ಚರ್ಚೆಗೂ ಬೇಡ.

ಹಾಗಾದರೆ ನಾನೀಗ ಏನು ಮಾಡುತ್ತೇನೆ? ಎರಡು ಪ್ಯಾಕ್ ಒಟ್ಟಿಗೆ ತರುತ್ತೇನೆ, ಮಾರ್ಕರ್‌ನಲ್ಲಿ ಜೋಡಿ 2 ಅಣ್ಣ, ಜೋಡಿ 2 ತಮ್ಮ ಅಂತ ಬರೆಯುತ್ತೇನೆ, ಆ ದಿನದ ತಾರೀಖು ಹಾಕುತ್ತೇನೆ. ಓಡಿಸಿದರೆ ಇಬ್ಬರೂ ಓಡಬೇಕು, ಮಲಗಿದರೆ (ಓಡಿಸದೆ ಎತ್ತಿಟ್ಟರೆ) ಇಬ್ಬರೂ ಸೆಲ್‌ಗೆ 3.8 ವೋಲ್ಟ್‌ಗೆ ಮಲಗಬೇಕು. ಒಂದೊಂದರ ಬ್ಯಾಲೆನ್ಸ್ ವೈರ್‌ಗೂ (ಪ್ರತಿ ಸೆಲ್‌ನ ವೋಲ್ಟೇಜ್ ನೋಡೋಕೆ ಇರುವ ಸಣ್ಣ ವೈರ್) ಪುಟ್ಟ ಬಜರ್ ಚುಚ್ಚಿ 3.5ಕ್ಕೆ ಸೆಟ್ ಮಾಡಿರುತ್ತೇನೆ, ಯಾವ ಸೆಲ್ ಇಳಿದರೂ ಮೈದಾನದ ಆ ಕಡೆಯಿಂದಲೇ ಕಿರುಚಿಕೊಳ್ಳುತ್ತದೆ, ಬೀದಿ ನಾಯಿಗಳು ಕೂಡ ತಿರುಗಿ ನೋಡುತ್ತವೆ. ಐದು ಸಾವಿರದ ಪ್ಯಾಕಿಗೆ ಇನ್ನೂರು ರೂಪಾಯಿಯ ಬಜರ್ ಹಾಕೋಕೆ ಯಾಕೆ ಕಂಜೂಸುತನ ಅಂತ ನನಗೂ ಈಗ ಅನ್ನಿಸುತ್ತದೆ, ಆಗ ಅನ್ನಿಸಿರಲಿಲ್ಲ.

ಓಡಿಸಿ ಬಂದ ಮೇಲೆ ಒಂದು ಪರೀಕ್ಷೆ ಇದೆ. ಚಾರ್ಜರ್ ವಾಪಸ್ ತುಂಬಿದ ಎಂಎಎಚ್ ನೋಡಿ "ಎರಡೂ ಒಂದೇ ತಗೊಂಡಿವೆ, ಜೋಡಿ ಚೆನ್ನಾಗಿದೆ" ಅಂತ ಮೋಸ ಹೋಗಬೇಡಿ. ಸೀರೀಸ್‌ನಲ್ಲಿ ಎರಡರಿಂದಲೂ ಒಂದೇ ಹೋಗಿರುತ್ತದೆ, ಹಾಗಾಗಿ ಎರಡೂ ಹೆಚ್ಚುಕಡಿಮೆ ಒಂದೇ ತಗೊಳ್ಳುತ್ತವೆ. ಚಾರ್ಜ್‌ಗೆ ಹಾಕುವ ಮೊದಲು, ಅರ್ಧ ಗಂಟೆ ಬಿಟ್ಟು ಸೆಲ್ ವೋಲ್ಟೇಜ್ ನೋಡಿ. ಸೆಲ್‌ಗೆ 0.1 ವೋಲ್ಟ್ ವ್ಯತ್ಯಾಸ ಬಂತೆಂದರೆ ನಾನು ಜೋಡಿ ಮುರಿಯುತ್ತೇನೆ. ಉಳಿದದ್ದನ್ನ ಎಸೆಯಬೇಕಿಲ್ಲ. ಅವತ್ತು ಬದುಕಿದ ಆ 5200 ಈಗ ನನ್ನ ಕ್ರಾಲರ್‌ನಲ್ಲಿ ಒಂಟಿಯಾಗಿ ಕಲ್ಲು ಹತ್ತುತ್ತಿದೆ, ಆರಾಮಾಗಿದೆ.

ಹೋದ ಭಾನುವಾರ ಜೋಡಿ 2 ನೋಡಿದೆ. ಅಣ್ಣ 3.71, ತಮ್ಮ 3.68. ಸದ್ಯಕ್ಕೆ ಸಂಸಾರ ನಡೆಯುತ್ತಿದೆ.