ಹಾಡು ಹಾಡಿನ ನಡುವೆ ಎಷ್ಟು ಮಾತು? ಆರಾಧನೆ ನಡೆಸುವವರಿಗಾಗಿ

[ದೃಶ್ಯ: ಖಾಲಿ ಚರ್ಚ್. ಉದ್ದನೆಯ ಬೆಂಚುಗಳು. ಮುಂದೆ ಕೀಬೋರ್ಡ್, ಮೈಕ್ ಸ್ಟ್ಯಾಂಡ್.]

ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆಗಳು.

ಹಲ್ಲೆಲೂಯ. ಪ್ರತಿ ಭಾನುವಾರ ಈ ಪದವನ್ನು ಎಷ್ಟು ಸಲ ಹಾಡುತ್ತೇವೋ ಲೆಕ್ಕ ಇಲ್ಲ. ಹೀಬ್ರೂ ಭಾಷೆಯಲ್ಲಿ ಇದು ಎರಡು ತುಂಡು. 'ಹಲ್ಲೆಲೂ' ಅಂದರೆ ಸ್ತುತಿಸಿರಿ. 'ಯಾ' ಅನ್ನೋದು ಯೆಹೋವ ಎಂಬ ಹೆಸರಿನ ಚಿಕ್ಕ ರೂಪ. ಸ್ವಲ್ಪ ಗಮನಿಸಿ. 'ಸ್ತುತಿಸು' ಅಲ್ಲ, 'ಸ್ತುತಿಸಿರಿ'. ಅಂದರೆ ಮೂಲದಲ್ಲಿ ಇದು ಜನರಿಗೆ ಹೇಳುವ ಮಾತು, ಮುಂದೆ ನಿಂತವರು ಸಭೆಯನ್ನು ಕರೆಯುವ ಮಾತು. ಬೈಬಲ್‌ನ ಕೀರ್ತನೆಗಳ ಪುಸ್ತಕದಲ್ಲಿ 146ರಿಂದ 150ರವರೆಗಿನ ಐದೂ ಕೀರ್ತನೆಗಳು ಇದೇ ಕರೆಯಿಂದ ಶುರುವಾಗಿ ಇದೇ ಕರೆಯಲ್ಲಿ ಮುಗಿಯುತ್ತವೆ.

ಹಾಗಾಗಿ ಆರಾಧನೆ ನಡೆಸುವವರು ಹಾಡಿನ ಮಧ್ಯೆ ಮಾತಾಡಲೇಬಾರದು ಅಂತ ನಾನು ಹೇಳುವುದಿಲ್ಲ. ಮಾತು ನಮ್ಮ ಆರಾಧನೆಯ ಒಳಗೇ ಇದೆ. ಎಂಥ ಮಾತು, ಎಷ್ಟು ಹೊತ್ತು, ಅದನ್ನು ನೋಡೋಣ.

[ದೃಶ್ಯ: ಮಾತಾಡುವವರು ಮೊದಲ ಬೆಂಚಿನಲ್ಲಿ ಕುಳಿತಿದ್ದಾರೆ.]

ನಾನು ಹಾಡು ನಡೆಸಲು ಶುರು ಮಾಡಿದ ಹೊಸತು. ಎರಡನೇ ಹಾಡು ಮುಗಿಯಿತು. ಎಲ್ಲರೂ ನಿಂತಿದ್ದರು. ಆ ವಾರ ಓದಿದ ವಚನ ಮನಸ್ಸು ತುಂಬಿಕೊಂಡಿತ್ತು, ಹೇಳುತ್ತಾ ಹೋದೆ. ಮೂರನೇ ಸಾಲಿನಲ್ಲಿ ಒಬ್ಬರು ಅಜ್ಜಿ ಇದ್ದರು. ಮುಂದಿನ ಹಾಡಿನ ನಂಬರ್ ಆಗಲೇ ಹುಡುಕಿಕೊಂಡು ಪುಟದ ನಡುವೆ ಬೆರಳು ಇಟ್ಟುಕೊಂಡಿದ್ದರು. ಇನ್ನೊಂದು ಕೈ ಮುಂದಿನ ಬೆಂಚಿನ ಮೇಲೆ. ನಾನು ಮಾತಾಡುತ್ತಲೇ ಇದ್ದೆ. ಅವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು. ಆಮೇಲೆ ಬೆರಳು ತೆಗೆದು, ಪುಸ್ತಕ ಮುಚ್ಚಿ, ಮೆಲ್ಲಗೆ ಕುಳಿತುಬಿಟ್ಟರು.

ಆರಾಧನೆ ಮುಗಿದ ಮೇಲೆ ನನ್ನ ಕೈ ಹಿಡಿದು ಹೇಳಿದರು: "ಚೆನ್ನಾಗಿ ಹೇಳಿದೆ ಮಗ. ಆದ್ರೆ ಆ ಹಾಡು ನಮ್ಮ ಯಜಮಾನರಿಗೆ ತುಂಬ ಇಷ್ಟ ಇತ್ತು. ನಿಂತುಕೊಂಡೇ ಹಾಡಬೇಕು ಅಂತ ಕಾಯ್ತಾ ಇದ್ದೆ."

ಆ ಅಜ್ಜಿ ಈಗ ಇಲ್ಲ. ಆದರೂ ಮೈಕ್ ಹಿಡಿದಾಗೆಲ್ಲ ನನ್ನ ಕಣ್ಣು ಮೂರನೇ ಸಾಲಿಗೆ ಹೋಗುತ್ತದೆ.

ಬೈಬಲ್‌ನಲ್ಲಿ ಅಪೊಸ್ತಲನಾದ ಪೌಲನು ಕೊರಿಂಥದ ಸಭೆಯವರಿಗೆ ಬರೆದ ಮೊದಲ ಪತ್ರ, 14ನೇ ಅಧ್ಯಾಯ, 19ನೇ ವಚನ ತೆಗೆದು ನೋಡಿ. ಸಭೆಯಲ್ಲಿ ಅರ್ಥವಾಗದ ಹತ್ತು ಸಾವಿರ ಮಾತಿಗಿಂತ, ಬೇರೆಯವರಿಗೆ ತಿಳಿಯುವಂಥ ಐದೇ ಮಾತು ಆಡುವುದು ತನಗೆ ಇಷ್ಟ ಅನ್ನುತ್ತಾನೆ. ಐದು ಮಾತು! ಇದಕ್ಕೆ ನಾಲ್ಕು ವಚನ ಹಿಂದೆ ಅವನು ಹೇಳುತ್ತಿರುವುದು ಹಾಡಿನ ವಿಷಯವೇ: ಆತ್ಮದಿಂದಲೂ ಹಾಡುವೆ, ಬುದ್ಧಿಯಿಂದಲೂ ಹಾಡುವೆ.

ಹಾಗಾದರೆ ಆ ಐದು ಮಾತು ಯಾವುದು? ನನ್ನ ಉತ್ತರ ಇದು. ಸಭೆ ಈಗ ಹಾಡಲಿರುವ ಸಾಲಿಗೆ ಬಾಗಿಲು ತೆರೆಯುವ ಮಾತು. ಬೇರೆ ಏನಿದ್ದರೂ ಪ್ರಸಂಗಕ್ಕೆ, ಅಂದರೆ ಪಾದ್ರಿಯವರ ಉಪದೇಶಕ್ಕೆ ಬಿಡಿ. ಪ್ರಸಂಗ ಮಾಡಲು ಅಯ್ಯನವರು ವಾರವಿಡೀ ತಯಾರಾಗಿ ಬಂದಿರುತ್ತಾರೆ.

ಒಂದು ಉದಾಹರಣೆ ಕೊಡುತ್ತೇನೆ. 'ಎಬೆನೆಜೆರ್' ಅನ್ನುವ ಪದ. ಹಾಡಿನಲ್ಲಿ ಬರುತ್ತದೆ, ಮನೆಗಳ ಮೇಲೆ, ಆಟೋಗಳ ಹಿಂದೆ ಕೂಡ ಬರೆದಿರುತ್ತದೆ. ಎಷ್ಟೋ ಮಕ್ಕಳಿಗೆ ಅದು ಯಾರದೋ ಹೆಸರು, ಅಷ್ಟೇ. ಹಾಡಿಗೆ ಮುಂಚೆ ಹೀಗೆ ಹೇಳಿದರೆ ಸಾಕು: "ಪ್ರವಾದಿಯಾದ ಸಮುವೇಲನು ಒಂದು ಕಲ್ಲು ನಿಲ್ಲಿಸಿ, ಯೆಹೋವನು ಇಲ್ಲಿಯವರೆಗೆ ನಮಗೆ ಸಹಾಯ ಮಾಡಿದನು ಅಂತ ಹೇಳಿ, ಅದಕ್ಕೆ ಸಹಾಯದ ಕಲ್ಲು, ಎಬೆನೆಜೆರ್ ಅಂತ ಹೆಸರಿಟ್ಟನು. ನಿಮ್ಮ ಮನೆಯ ಆ ಕಲ್ಲು ಯಾವುದು ಅಂತ ನೆನೆಸಿಕೊಂಡು ಹಾಡೋಣ." ಇಪ್ಪತ್ತು ಸೆಕೆಂಡ್ ಕೂಡ ಬೇಡ.

ಕಥೆ ಹೇಳುವಾಗ ಮಾತ್ರ ದಯವಿಟ್ಟು ಪರೀಕ್ಷಿಸಿ ಹೇಳಿ. 'ಅಮೇಜಿಂಗ್ ಗ್ರೇಸ್' ಹಾಡಿನ ಕಥೆ ಕೇಳಿರುತ್ತೀರಿ. ಗುಲಾಮರ ಹಡಗಿನ ಜಾನ್ ನ್ಯೂಟನ್ ಬಿರುಗಾಳಿಗೆ ಸಿಕ್ಕಿದ, ಅವತ್ತೇ ಆ ಕೆಲಸ ಬಿಟ್ಟ, ಅವತ್ತೇ ಹಾಡು ಬರೆದ ಅಂತ. ಹಾಗಲ್ಲ. ಬಿರುಗಾಳಿ 1748ರಲ್ಲಿ. ಅದಾದ ಮೇಲೂ ಅವನು ಗುಲಾಮರನ್ನು ಸಾಗಿಸುವ ಹಡಗುಗಳ ಕ್ಯಾಪ್ಟನ್ ಆಗಿದ್ದ. ಸಮುದ್ರದ ಕೆಲಸ ಬಿಟ್ಟದ್ದು 1754ರಲ್ಲಿ, ಅದೂ ಆರೋಗ್ಯ ಕೆಟ್ಟಾಗ. ಈ ಹಾಡು ಅವನು ಇಂಗ್ಲೆಂಡಿನ ಓಲ್ನಿ ಎಂಬ ಊರಿನಲ್ಲಿ ಪಾದ್ರಿಯಾಗಿದ್ದಾಗ, 1773ರ ಹೊಸ ವರ್ಷದ ಆರಾಧನೆಗಾಗಿ ಬಂದದ್ದು. ಗುಲಾಮರ ವ್ಯಾಪಾರದ ವಿರುದ್ಧ ಅವನು ಪುಸ್ತಕ ಬರೆದದ್ದು 1788ರಲ್ಲಿ. ಬಿರುಗಾಳಿಯಿಂದ ಆ ಪುಸ್ತಕಕ್ಕೆ ನಲವತ್ತು ವರ್ಷ! ಮಗ ಬದಲಾಗಲಿ ಅಂತ ವರ್ಷಗಟ್ಟಲೆ ಪ್ರಾರ್ಥಿಸುತ್ತಿರುವ ಒಬ್ಬ ತಾಯಿಗೆ ಯಾವ ಕಥೆ ಬೇಕು ಹೇಳಿ? ನನಗಂತೂ ಈ ನಿಜವಾದ ಕಥೆಯೇ ದೊಡ್ಡದು ಅನಿಸುತ್ತದೆ.

[ದೃಶ್ಯ: ಹಳೆಯ ಹಾಡಿನ ಪುಸ್ತಕ, ಪುಟ ತಿರುಗಿಸುವ ಕೈ.]

ಇನ್ನೊಂದು ಹಳೆಯ ಪದ್ಧತಿ ಇದೆ, ನನಗೆ ತುಂಬ ಇಷ್ಟ. ಹಾಡುವ ಮುಂಚೆ ಸಾಲನ್ನು ಓದಿ ಹೇಳುವುದು. 1645ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟ್ ಒಪ್ಪಿದ ಆರಾಧನಾ ಕ್ರಮದಲ್ಲೇ ಇದು ಬರುತ್ತದೆ: ಓದಲು ಬಾರದವರು ಜಾಸ್ತಿ ಇರುವ ಸಭೆಯಲ್ಲಿ ಒಬ್ಬರು ಕೀರ್ತನೆಯನ್ನು ಸಾಲು ಸಾಲಾಗಿ ಓದಬೇಕು, ಆಮೇಲೆ ಎಲ್ಲರೂ ಹಾಡಬೇಕು ಅಂತ. ಒಬ್ಬರು ಹೇಳಿಕೊಟ್ಟು ಉಳಿದವರು ಹಾಡುವುದು ನಮಗೇನು ಹೊಸದಲ್ಲ, ಅಲ್ವಾ?

ಕನ್ನಡ ಸಭೆಗಳಿಗೆ ಇದು ಬೇಕಾಗಲು ಇನ್ನೂ ಒಂದು ಕಾರಣ ಇದೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1834ರಲ್ಲಿ ಯುರೋಪಿನಿಂದ ಮಂಗಳೂರಿಗೆ ಬಂದರು. ಅವರ ಜೊತೆ ಜರ್ಮನ್ ರಾಗಗಳೂ ಬಂದವು. ಸೊಗಸಾದ ರಾಗಗಳು, ನಾನು ಮನಸಾರೆ ಹಾಡುತ್ತೇನೆ. ಆದರೆ ಆ ರಾಗಕ್ಕೆ ಕನ್ನಡ ಪದ ಕೂರಿಸಿದಾಗ ಹ್ರಸ್ವ ದೀರ್ಘವಾಗುತ್ತದೆ, ಪದ ಮಧ್ಯದಲ್ಲೇ ಒಡೆಯುತ್ತದೆ. ಸಾಲು ಕಿವಿಗೆ ಬೀಳುತ್ತದೆ, ಅರ್ಥ ಜಾರಿಹೋಗುತ್ತದೆ. ಚರಣದ ಒಂದು ಸಾಲನ್ನು ಮೊದಲು ಸುಮ್ನೆ ಮಾತಿನ ಹಾಗೆ ಓದಿ ನೋಡಿ. ಒಡೆದ ಪದಗಳು ಮತ್ತೆ ಕೂಡಿಕೊಳ್ಳುತ್ತವೆ.

ಈಗ ಧಾಟಿಯ ವಿಷಯ. "ಯಾಕೆ ಇಷ್ಟು ಮೆಲ್ಲಗೆ? ನಿದ್ದೆ ಬಂತಾ? ಜೋರಾಗಿ ಹಾಡಿ!" ಇದನ್ನು ಬಿಟ್ಟುಬಿಡಿ. ಮೆಲ್ಲಗೆ ಹಾಡುವವರ ಮನೆಯಲ್ಲಿ ಆ ವಾರ ಏನಾಗಿದೆಯೋ ನಮಗೆ ಗೊತ್ತಿರುವುದಿಲ್ಲ. 13ನೇ ಕೀರ್ತನೆಯಲ್ಲಿ ಆರೇ ವಚನ. ಮೊದಲ ಎರಡರಲ್ಲೇ ಕೀರ್ತನೆಗಾರನು "ಎಷ್ಟರ ತನಕ" ಅಂತ ದೇವರನ್ನು ನಾಲ್ಕು ಸಲ ಕೇಳುತ್ತಾನೆ. ಹಾಡುತ್ತೇನೆ ಅನ್ನುವುದು ಕೊನೆಯ ವಚನದಲ್ಲಿ. ನಮ್ಮ ಸಭೆಯಲ್ಲಿ ಇನ್ನೂ ಮೊದಲ ವಚನದಲ್ಲಿ ಇರುವವರು ಇರುತ್ತಾರೆ. "ಹಾಡಲು ಆಗದವರು ಕೇಳಿಸಿಕೊಳ್ಳಿ, ನಿಮಗಾಗಿ ನಾವು ಹಾಡುತ್ತೇವೆ" ಅಂತ ಒಮ್ಮೆ ಹೇಳಿ. ಅವರಿಗೆ ಎಷ್ಟು ಹಗುರಾಗುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಕನ್ನಡದಲ್ಲಿ ನಮಗೊಂದು ಒಳ್ಳೆಯ ಪ್ರತ್ಯಯ ಇದೆ, 'ಓಣ'. 'ಹಾಡಿ' ಅಂದರೆ ನೀವು ಮಾಡಿ ಅಂತ. 'ಹಾಡೋಣ' ಅಂದರೆ ನಾನೂ ನಿಮ್ಮ ಜೊತೆ. 95ನೇ ಕೀರ್ತನೆ ಕರೆಯುವುದು ಹೀಗೆಯೇ: ಬನ್ನಿರಿ, ಹಾಡೋಣ.

ಚಿಕ್ಕ ಚಿಕ್ಕ ವಿಷಯಗಳನ್ನು ಬೇಗ ಹೇಳಿಬಿಡುತ್ತೇನೆ. ಹಾಡಿನ ನಂಬರ್ ಎರಡು ಸಲ ಹೇಳಿ, ಪುಟ ತಿರುಗುವ ಸದ್ದು ನಿಲ್ಲುವವರೆಗೆ ಕಾಯಿರಿ. ಮಾತಾಡುವಾಗ ಕೀಬೋರ್ಡ್ ಮೆಲ್ಲಗೆ ಒಂದೇ ಸ್ವರಮೇಳ ಹಿಡಿದಿರಲಿ, ಡ್ರಮ್ಸ್ ಬೇಡ. ಹೇಳುವ ವಾಕ್ಯವನ್ನು ಶನಿವಾರವೇ ಬರೆದು ಮನೆಯಲ್ಲಿ ಯಾರಿಗಾದರೂ ಓದಿ. ನಾನು ಅಡುಗೆಮನೆಯಲ್ಲಿ ಅಮ್ಮನಿಗೆ ಓದುತ್ತೇನೆ. "ಅಂದ್ರೆ?" ಅಂದರೆ ಮತ್ತೆ ಬರೆಯುತ್ತೇನೆ.

ಈಗ ಒಂದು ಸಲ ಮಾಡಿ ತೋರಿಸುತ್ತೇನೆ. 136ನೇ ಕೀರ್ತನೆ. 26 ವಚನ, ಪ್ರತಿಯೊಂದರ ಕೊನೆಗೂ ಸಭೆಗೆ ಅದೇ ಉತ್ತರ.

[ಕೀಬೋರ್ಡ್ ಮೆಲ್ಲಗೆ ಶುರು. ಮಾತಾಡುವವರು ಎದ್ದು ಮೈಕ್ ಹತ್ತಿರ ಬರುತ್ತಾರೆ.]

"ಈ ಕೀರ್ತನೆಯಲ್ಲಿ ಸಮುದ್ರ ದಾಟಿದ್ದೂ ಇದೆ, ಅರಣ್ಯದಲ್ಲಿ ನಡೆದದ್ದೂ ಇದೆ. ಎರಡಕ್ಕೂ ಉತ್ತರ ಒಂದೇ, ಆತನ ಕೃಪೆ ಶಾಶ್ವತ. ಕುಳಿತವರು ಕುಳಿತೇ ಇರಿ. ನಾನು ಒಂದು ಸಾಲು ಹೇಳುತ್ತೇನೆ, ಉತ್ತರವನ್ನು ಎಲ್ಲರೂ ಸೇರಿ ಹಾಡೋಣ."

[ಒಂದು ಉಸಿರಿನಷ್ಟು ಮೌನ. ಹಾಡು.]